ಮಂಗನ ಕಾಯಿಲೆ: ಹಳೆಯ ವೈರಾಣು, ಪ್ರತಿ ಊರಿಗೂ ಹೊಸ ಜ್ವರ

ಮಳೆ ಹಿಂದೆ ಸರಿದು ಮಲೆನಾಡಿನ ಕಾಡಿನ ನೆಲ ಒಣಗತೊಡಗಿದಂತೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಂಚಿನ ಊರುಗಳಲ್ಲಿ ಒಂದು ಬಗೆಯ ಎಚ್ಚರ ಮೂಡುತ್ತದೆ. ಮರದಡಿಯಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಒಂದು ಕಡೆಯಿಂದ ಬಂದರೆ ಸಾಕು, ಆ ದಿಕ್ಕಿನ ಬೆಟ್ಟಕ್ಕೆ ದನ ಹೊಡೆಯುವುದು ನಿಲ್ಲುತ್ತದೆ, ಸೊಪ್ಪು ತರುವವರು ಬೇರೆ ದಾರಿ ಹಿಡಿಯುತ್ತಾರೆ, ಆರೋಗ್ಯ ಇಲಾಖೆಯ ಸಿಬ್ಬಂದಿ ಉಣುಗು, ಅಂದರೆ ರಕ್ತ ಹೀರುವ ಸಣ್ಣ ಉಣ್ಣೆ, ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳನ್ನು ಹಿಡಿದು ಮನೆಮನೆಗೆ ಬರುತ್ತಾರೆ. ಕ್ಯಾಸನೂರು ಕಾಡಿನ ಕಾಯಿಲೆ, ಸರ್ಕಾರಿ ಕಾಗದಗಳಲ್ಲಿ ಕೆಎಫ್‌ಡಿ, ಜನರ ಬಾಯಲ್ಲಿ ಮಂಗನ ಕಾಯಿಲೆ ಎಂದು ಕರೆಸಿಕೊಳ್ಳುವ, ಉಣುಗಿನ ಕಡಿತದಿಂದ ಹರಡುವ ಈ ವೈರಲ್ ಜ್ವರ ಗುರುತಿಸಲ್ಪಟ್ಟು ಏಳು ದಶಕಗಳಾಗುತ್ತ ಬಂದಿವೆ. ಇಷ್ಟಾದರೂ ಅದು ಕಾಲಿಟ್ಟ ಪ್ರತಿ ಹೊಸ ಊರಿನಲ್ಲೂ ಮೊದಲ ಕೆಲವು ವಾರ ಅದನ್ನು ಹೊಸ ಕಾಯಿಲೆಯೆಂದೇ ಎದುರಿಸಲಾಗುತ್ತದೆ. ಆ ಊರಿನ ವೈದ್ಯರು ಅದನ್ನು ಹಿಂದೆ ಕಂಡಿರುವುದಿಲ್ಲ, ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರಿರುವುದಿಲ್ಲ, ರೋಗಿಯ ಮನೆಯವರಿಗೆ ಅದು ಇನ್ನೊಂದು ಜ್ವರ ಮಾತ್ರ. ಸಾವುಗಳಲ್ಲಿ ಒಂದು ಭಾಗ ಈ ತಡವರಿಕೆಯ ದಿನಗಳಲ್ಲೇ ಆಗುತ್ತದೆ ಎಂಬುದು ನನ್ನ ತಿಳುವಳಿಕೆ. ಈ ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧ ಇಂದಿಗೂ ಇಲ್ಲದಿರುವುದರಿಂದ, ಲಕ್ಷಣವನ್ನು ಬೇಗ ಗುರುತಿಸುವುದು, ಸರಿಯಾದ ದಿನ ಸರಿಯಾದ ಪರೀಕ್ಷೆ ಮಾಡಿಸುವುದು, ರೋಗಿಯನ್ನು ಎರಡು ಮೂರು ವಾರ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು, ಈ ಮೂರೂ ಸೇರಿಯೇ ಚಿಕಿತ್ಸೆ ಆಗುತ್ತದೆ.

1957ರ ಮಾರ್ಚ್ ಸುಮಾರಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸಾಯತೊಡಗಿದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ ಕಾಣಿಸಿಕೊಂಡಿತು. ಮೊದಲಿಗೆ ಅದನ್ನು ಟೈಫಾಯ್ಡ್ ಇರಬಹುದೆಂದು ತಿಳಿಯಲಾಯಿತು. ಪುಣೆಯಲ್ಲಿ ಆಗಷ್ಟೇ ಐದು ವರ್ಷ ಪೂರೈಸಿದ್ದ ವೈರಸ್ ಸಂಶೋಧನಾ ಕೇಂದ್ರದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯ, ವಿಜ್ಞಾನಿಗಳು ಓಡಿ ಬಂದದ್ದಕ್ಕೆ ಕಾರಣ ಬೇರೆಯೇ ಇತ್ತು. ಮಂಗ ಮತ್ತು ಮನುಷ್ಯ ಒಟ್ಟಿಗೆ ಸಾಯುವ ವೈರಲ್ ಜ್ವರವೆಂದರೆ ಅಂದಿಗೆ ಎಲ್ಲರ ನೆನಪಿಗೆ ಬರುತ್ತಿದ್ದದ್ದು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಹಳದಿ ಜ್ವರ. ಏಷ್ಯಾದಲ್ಲಿ ಎಂದೂ ಕಾಣದ ಆ ಜ್ವರ ಇಲ್ಲಿಗೆ ಬಂದುಬಿಟ್ಟಿತೇ ಎಂಬ ಭಯ ಅವರದು. ಆ ಕೇಂದ್ರದ ಟೆಲ್‌ಫರ್ಡ್ ವರ್ಕ್ ಅವರ ತಂಡ ಮಂಗಗಳಿಂದ ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳಿನ ಉರಿಯೂತದ ವೈರಾಣುವಿಗೆ ಹತ್ತಿರದ ಸಂಬಂಧಿ ಎಂದು ತಿಳಿಯಿತು. ಸೈಬೀರಿಯಾದ ನಂಟು ಸೊರಬಕ್ಕೆ ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳನ್ನೂ ತಪಾಸಣೆ ಮಾಡಲಾಯಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತದ್ದು ಈ ಕುತೂಹಲದಿಂದಲೇ. ಮೊದಲ ವರ್ಷಗಳಲ್ಲಿ ಈ ವೈರಾಣುವಿನೊಂದಿಗೆ ಕೆಲಸ ಮಾಡಿದ ಪ್ರಯೋಗಾಲಯದ ಸಿಬ್ಬಂದಿಯಲ್ಲೂ ಅನೇಕರು ಅದೇ ಜ್ವರಕ್ಕೆ ಸಿಕ್ಕಿದರು. ಆ ಅನುಭವದಿಂದಲೇ ಇಂದು ಅದನ್ನು ಬಿಗಿ ಭದ್ರತೆಯ ಪ್ರಯೋಗಾಲಯಗಳಲ್ಲಿ ಮಾತ್ರ ಮುಟ್ಟಲಾಗುತ್ತದೆ.

ಮುಂದಿನ ದಶಕಗಳ ಕಥೆ ಹೊಸ ಊರುಗಳ ಕಥೆ. ಸೊರಬ, ಸಾಗರಗಳಿಂದ ಕಾಯಿಲೆ ಉತ್ತರ ಕನ್ನಡಕ್ಕೆ, ಚಿಕ್ಕಮಗಳೂರಿಗೆ, ಕರಾವಳಿಯ ಕಡೆಗೆ ಇಳಿಯಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಸುತ್ತ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಲ್ಲೇ ಕಾಣಿಸಿಕೊಂಡ ಹಾವಳಿ ಇದುವರೆಗಿನ ದೊಡ್ಡ ಹಾವಳಿಗಳಲ್ಲಿ ಒಂದು. ಸಾವಿರಕ್ಕೂ ಮಿಕ್ಕಿದ ಜನ ಅದಕ್ಕೆ ಸಿಕ್ಕಿದರು. 2012ರಲ್ಲಿ ಅದು ಎಲ್ಲಿಯ ಮಲೆನಾಡು, ಎಲ್ಲಿಯ ಚಾಮರಾಜನಗರ ಎನ್ನುವಷ್ಟು ದೂರದ ಬಂಡೀಪುರದಲ್ಲಿ ಪತ್ತೆಯಾಯಿತು. ಸತ್ತ ಮಂಗಗಳ ದೇಹಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಯೇ ಅಲ್ಲಿ ಮೊದಲ ರೋಗಿಗಳು. ಅಲ್ಲಿಂದಾಚೆ ನೀಲಗಿರಿ, ವಯನಾಡು, ಗೋವಾದ ಸತ್ತರಿ ತಾಲ್ಲೂಕು, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ, ಹೀಗೆ ನಾಲ್ಕೈದು ವರ್ಷಗಳೊಳಗೆ ಪಶ್ಚಿಮ ಘಟ್ಟದ ಐದು ರಾಜ್ಯಗಳಲ್ಲಿ ಅದರ ಗುರುತು ಸಿಕ್ಕಿತು. ಗಡಿಯಾಚೆಗೆ ಗೇರುಬೀಜದ ಕೆಲಸಕ್ಕೆ ಹೋಗಿ ಬಂದ ಬೆಳಗಾವಿ ಕಡೆಯ ಕೂಲಿಕಾರರು ಜ್ವರದೊಂದಿಗೆ ಊರಿಗೆ ಮರಳಿದಾಗ, ಕಾಡೇ ಇಲ್ಲದ ಊರಿನ ವೈದ್ಯರಿಗೆ ಅದರ ಹೆಸರು ಹೊಳೆಯುವುದಾದರೂ ಹೇಗೆ? 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಹಾವಳಿ ಇನ್ನೊಂದು ಪಾಠ ಕಲಿಸಿತು. ಕಾಯಿಲೆ ಹುಟ್ಟಿದ ಜಿಲ್ಲೆಯಲ್ಲೇ, ಅದರ ಹೆಸರು ಎಲ್ಲರಿಗೂ ಗೊತ್ತಿರುವ ಸೀಮೆಯಲ್ಲೇ, ಶರಾವತಿ ಕಣಿವೆಯ ಆ ಊರು ಹತ್ತಾರು ಮನೆಗಳಲ್ಲಿ ಸಾವು ನೋವು ಕಂಡಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನ ಸರದಿ. ಒಂದು ತಾಲ್ಲೂಕಿನೊಳಗೂ ಕಾಯಿಲೆ ವರ್ಷದಿಂದ ವರ್ಷಕ್ಕೆ ಬೆಟ್ಟ ಬದಲಿಸುತ್ತದೆ.

ಇದು ಹೀಗೆ ಜಾಗ ಬದಲಿಸುವುದಕ್ಕೆ ಕಾರಣ ಉಣುಗಿನ ಬಾಳ್ವೆಯಲ್ಲಿದೆ. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯ ಉಣುಗು ತನ್ನ ಬದುಕಿನಲ್ಲಿ ಮೂರೇ ಸಲ ರಕ್ತ ಕುಡಿಯುತ್ತದೆ: ಮೊಟ್ಟೆಯೊಡೆದು ಬಂದ ಲಾರ್ವಾ ಆಗಿ ಒಮ್ಮೆ, ಮರಿ ಉಣುಗಾಗಿ ಒಮ್ಮೆ, ಬಲಿತ ಮೇಲೆ ಒಮ್ಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಟ್ಟುವ ಲಾರ್ವಾಗಳು ಇಲಿ, ಅಳಿಲು, ಹಕ್ಕಿ, ಮಂಗಗಳ ಮೈಗೆ ಹತ್ತುತ್ತವೆ. ಅವುಗಳಲ್ಲಿ ಯಾವುದಾದರೂ ಪ್ರಾಣಿಯ ರಕ್ತದಲ್ಲಿ ವೈರಾಣು ಇದ್ದರೆ ಅದು ಲಾರ್ವಾದೊಳಗೆ ಸೇರಿ, ಅದು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದಾಗಲೂ ಒಳಗೇ ಉಳಿಯುತ್ತದೆ. ಡಿಸೆಂಬರಿನಿಂದ ಮೇ ತನಕ ಕಾಡಿನ ನೆಲದಲ್ಲಿ ತುಂಬಿರುವುದು ಈ ಮರಿ ಉಣುಗುಗಳು; ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದೂ ಇವೇ. ಮುಸುವ ಅಥವಾ ಮಂಗಕ್ಕೆ ವೈರಾಣು ತಗುಲಿದಾಗ ಅದರ ರಕ್ತದಲ್ಲಿ ಅದು ಅಪಾರ ಪ್ರಮಾಣದಲ್ಲಿ ಹೆಚ್ಚುತ್ತದೆ. ಮಂಗ ಸತ್ತು ಬಿದ್ದಾಗ ಅದರ ಮೈಯಲ್ಲಿ ರಕ್ತ ಕುಡಿಯುತ್ತಿದ್ದ ಉಣುಗುಗಳು ತಣ್ಣಗಾಗುವ ದೇಹವನ್ನು ಬಿಟ್ಟು ಸುತ್ತಲಿನ ದರಗಿನೊಳಗೆ, ಅಂದರೆ ಉದುರಿದ ಒಣ ಎಲೆಗಳೊಳಗೆ, ಇಳಿಯುತ್ತವೆ. ಮಂಗ ಬಿದ್ದ ಜಾಗದ ಸುತ್ತಲಿನ ಕೆಲವು ಮಾರು ನೆಲ ಹಾಗೆ ವೈರಾಣುವಿನ ಉಗ್ರಾಣವಾಗುತ್ತದೆ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಉದುರಿಸಿ, ಮರಣೋತ್ತರ ಪರೀಕ್ಷೆಗೆ ಮಾದರಿ ತೆಗೆದು, ದೇಹವನ್ನು ಸುಡುವುದು ಇದೇ ಕಾರಣಕ್ಕೆ. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸಬೇಕು. ಈ ಕಾಯಿಲೆಯನ್ನು ಸಾಮಾನ್ಯವಾಗಿ ನಮಗೆ ಅಂಟಿಸುವುದು ಮಂಗವಲ್ಲ, ಉಣುಗು. ಅದೂ ನಮ್ಮ ಹಾಗೆ ಉಣುಗಿನಿಂದಲೇ ಸಾಯುತ್ತಿದೆ. ಮಂಗ ಸಾಯಲಿಲ್ಲವೆಂದ ಮಾತ್ರಕ್ಕೆ ಆ ಕಾಡು ಸುರಕ್ಷಿತವೆಂದೂ ಅಲ್ಲ, ಏಕೆಂದರೆ ಮಂಗದ ಹೆಣ ಸಿಗುವ ಮೊದಲೇ ಮನುಷ್ಯರಿಗೆ ಜ್ವರ ಬಂದ ಊರುಗಳಿವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಹಾಗಾಗಿ ರೋಗಿಯನ್ನು ಮುಟ್ಟಲು, ಅವರ ಪಕ್ಕದಲ್ಲಿ ಕೂರಲು, ಅವರಿಗೆ ಊಟ ಹಾಕಲು ಯಾರೂ ಹೆದರಬೇಕಾಗಿಲ್ಲ.

ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಬಿಳಿ ಬಟ್ಟೆಯ ಮೇಲೆ ನಡೆಯುವಾಗ ಮಾತ್ರ ಅದೊಂದು ಜೀವವೆಂದು ಕಾಣುತ್ತದೆ. ಮೈಮೇಲೆ ಹತ್ತಿದರೆ ಮಚ್ಚೆಯೋ ಮಣ್ಣಿನ ಕಣವೋ ಎನ್ನಿಸುತ್ತದೆ. ಬೆಳಿಗ್ಗೆ ಬೆಟ್ಟಕ್ಕೆ ಹೋದ ಹೆಣ್ಣುಮಗಳು ದರಗನ್ನು ಗುಡಿಸಿ, ಕೈಯಿಂದ ಒತ್ತಿ ಒತ್ತಿ ಹೊರೆ ಕಟ್ಟಿ, ಅದನ್ನು ತಲೆಯ ಮೇಲೆ ಹೊತ್ತು ಬರುವಾಗ, ಹೊರೆಯೊಳಗಿನ ಉಣುಗು ಅವಳ ಕುತ್ತಿಗೆಗೆ, ಕಿವಿಯ ಹಿಂದಕ್ಕೆ, ರವಿಕೆಯ ಅಂಚಿಗೆ ಇಳಿಯುತ್ತದೆ. ಹೊರೆಯನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿ ಹರಡಿದ ಮೇಲೆ, ಕಾಡಿಗೆ ಹೋಗದೆ ಮನೆಯಲ್ಲೇ ಇರುವ ಅಜ್ಜಿಗೂ, ಶಾಲೆಗೆ ಹೋಗುವ ಹುಡುಗನಿಗೂ ಅದು ಹತ್ತಬಹುದು. ದರಗು ತರಬೇಡಿ ಎಂದು ಕರಪತ್ರದಲ್ಲಿ ಬರೆಯುವುದು ಸುಲಭ. ಆದರೆ ಕೊಟ್ಟಿಗೆಗೆ ಸೊಪ್ಪು, ದರಗು ಬೀಳದಿದ್ದರೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದಿದ್ದರೆ ಅಡಿಕೆ ತೋಟವಿಲ್ಲ. ಮಲೆನಾಡಿನ ಸಣ್ಣ ಹಿಡುವಳಿಯ ಬೇಸಾಯ ನಿಂತಿರುವುದೇ ಈ ಸರಪಳಿಯ ಮೇಲೆ, ಮತ್ತು ದರಗು ಸಿಗುವ ತಿಂಗಳುಗಳೂ ಉಣುಗು ಕಚ್ಚುವ ತಿಂಗಳುಗಳೂ ಒಂದೇ. ತೋಟ, ಗದ್ದೆ, ಸೊಪ್ಪಿನ ಬೆಟ್ಟ, ನಿತ್ಯಹರಿದ್ವರ್ಣದ ಕಾಡು ಒಂದರೊಳಗೊಂದು ಹೆಣೆದುಕೊಂಡಿರುವ ಇಂಥ ನೆಲದಲ್ಲೇ ಅಪಾಯ ಹೆಚ್ಚು ಎಂದು ಇತ್ತೀಚಿನ ಸಂಶೋಧನೆಗಳೂ ತೋರಿಸಿವೆ. ದಟ್ಟ ಕಾಡಿನ ನಡುವೆ ಜನ ಕಡಿಮೆ, ಬಯಲಿನಲ್ಲಿ ಉಣುಗು ಕಡಿಮೆ; ಎರಡೂ ಕೂಡುವ ಅಂಚಿನಲ್ಲಿಯೇ ಕಾಯಿಲೆಯ ವಾಸ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕಚ್ಚಿದ್ದು ನೆನಪಿಲ್ಲ ಎಂದು ಹೇಳುವವರೇ ಹೆಚ್ಚು, ಆದ್ದರಿಂದ ಉಣುಗು ಕಚ್ಚಿತ್ತೇ ಎಂದು ಕೇಳುವುದಕ್ಕಿಂತ ಕಳೆದ ವಾರ ಕಾಡಿಗೆ, ಬೆಟ್ಟಕ್ಕೆ, ತೋಟದಂಚಿಗೆ ಹೋಗಿದ್ದಿರಾ ಎಂದು ಕೇಳುವುದು ಒಳ್ಳೆಯದು. ಜ್ವರ ನಿಧಾನವಾಗಿ ಏರುವುದಿಲ್ಲ, ಚಳಿಯೊಂದಿಗೆ ಒಮ್ಮೆಲೇ ಬರುತ್ತದೆ. ಮಧ್ಯಾಹ್ನ ಊಟ ಮಾಡಿ ಎದ್ದಾಗ ಶುರುವಾಯಿತು ಎಂದು ರೋಗಿಯೇ ಹೊತ್ತು ಹೇಳಬಲ್ಲಷ್ಟು ಹಠಾತ್ತಾಗಿ. ಹಣೆಯ ಭಾಗದಲ್ಲಿ ಸಿಡಿಯುವ ತಲೆನೋವು, ಕತ್ತು, ಸೊಂಟ ಮತ್ತು ಮೀನಖಂಡಗಳಲ್ಲಿ ಹಿಂಡುವ ನೋವು, ಎದ್ದು ನಿಲ್ಲಲಾಗದ ನಿಶ್ಶಕ್ತಿ ಇದರ ಮುಖ್ಯ ಗುರುತುಗಳು. ಕಣ್ಣು ಕೆಂಪಾಗಿರುತ್ತದೆ, ಬೆಳಕು ನೋಡಲಾಗುವುದಿಲ್ಲ. ಮೂರು ನಾಲ್ಕನೆಯ ದಿನದ ಹೊತ್ತಿಗೆ ವಾಂತಿ, ಭೇದಿ, ಹೊಟ್ಟೆನೋವು ಸೇರಿಕೊಳ್ಳುತ್ತವೆ. ಕೆಲವರಲ್ಲಿ ಒಸಡು, ಮೂಗುಗಳಿಂದ ರಕ್ತ ಬರುತ್ತದೆ, ಅಪರೂಪಕ್ಕೆ ವಾಂತಿಯಲ್ಲಿ ರಕ್ತ ಅಥವಾ ಕಪ್ಪು ಮಲ ಕಾಣುತ್ತದೆ. ಬಾಯಿ ತೆರೆಸಿ ನೋಡುವ ಅಭ್ಯಾಸವಿರುವ ವೈದ್ಯರಿಗೆ ಅಂಗುಳಿನ ಹಿಂಭಾಗದ ಮೆತ್ತನೆಯ ಜಾಗದಲ್ಲಿ ಸಣ್ಣ ಸಣ್ಣ ನೀರ್ಗುಳ್ಳೆಗಳು ಸಿಗುವುದುಂಟು. ಎರಡು ನಿಮಿಷದ ತಪಾಸಣೆಯಲ್ಲಿ ದೊರೆಯುವ ಈ ಗುರುತನ್ನು ಅನೇಕ ಕಡೆ ನೋಡುವುದೇ ಇಲ್ಲವಲ್ಲ ಎಂದು ನನಗೆ ಬೇಸರವಿದೆ. ಜ್ವರ ಏರಿದಷ್ಟು ನಾಡಿ ಬಡಿತ ಏರುವುದಿಲ್ಲ, ರಕ್ತದೊತ್ತಡ ಇಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕಡಿಮೆಯಾಗಿ, ಯಕೃತ್ತಿನ ಕಿಣ್ವಗಳು ಹೆಚ್ಚಾಗಿರುತ್ತವೆ.

ಒಂದರಿಂದ ಎರಡು ವಾರಗಳಲ್ಲಿ ಹೆಚ್ಚಿನವರ ಜ್ವರ ಬಿಡುತ್ತದೆ. ಈ ಕಾಯಿಲೆಯ ಮೋಸ ಇರುವುದು ಇಲ್ಲಿ. ಜ್ವರ ಬಿಟ್ಟು, ಬಾಯಿಗೆ ರುಚಿ ಬಂದು, ಗಂಜಿ ಬಿಟ್ಟು ಅನ್ನ ಉಣ್ಣುವಂತಾಗಿ, ಇನ್ನೇನು ಕೆಲಸಕ್ಕೆ ಹೋಗಬಹುದೆಂದುಕೊಂಡವರಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ, ಮೂರನೆಯ ವಾರದ ಆರಂಭದ ಸುಮಾರಿಗೆ, ಜ್ವರ ಮತ್ತೆ ಮರಳುತ್ತದೆ. ಎರಡನೆಯ ಬಾರಿ ಅದು ಮಿದುಳು ಮತ್ತು ನರಗಳ ಲಕ್ಷಣಗಳನ್ನು ಜೊತೆಗೇ ತರುತ್ತದೆ: ತಡೆಯಲಾಗದ ತಲೆನೋವು, ಕತ್ತು ಬಿಗಿತ, ಕೈನಡುಕ, ತಲೆಸುತ್ತು, ದೃಷ್ಟಿ ಮಂಜಾಗುವುದು, ಮಾತಿನಲ್ಲಿ ತೊಡಕು, ಗೊಂದಲ. ತಟ್ಟೆಯಿಂದ ಬಾಯಿಗೆ ತುತ್ತು ಒಯ್ಯುವಾಗ ಕೈ ನಡುಗುವುದನ್ನು ಮೊದಲು ಗಮನಿಸುವವರು ಮನೆಯವರೇ. ಬಳಲಿಕೆಯಿಂದ ಹೀಗಾಗಿದೆ ಎಂದು ಸುಮ್ಮನಾಗುವವರೂ ಅವರೇ. ಮೊದಲ ಜ್ವರಕ್ಕೆ ಒಂದು ಆಸ್ಪತ್ರೆಗೆ ಹೋಗಿದ್ದವರು ಎರಡನೆಯದಕ್ಕೆ ಇನ್ನೊಂದಕ್ಕೆ ಹೋದರೆ, ಅಲ್ಲಿನ ವೈದ್ಯರಿಗೆ ಹಿಂದಿನ ಎರಡು ವಾರಗಳ ಚಿತ್ರ ಸಿಗುವುದಿಲ್ಲ, ಇದನ್ನು ಹೊಸದೊಂದು ಮಿದುಳು ಜ್ವರವೆಂದೇ ನೋಡುತ್ತಾರೆ. ಒಟ್ಟಾರೆ ಸೋಂಕಿತರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ಸಾಮಾನ್ಯ ಲೆಕ್ಕ. ವಯಸ್ಸಾದವರು, ಹೃದಯ ಅಥವಾ ಯಕೃತ್ತಿನ ತೊಂದರೆ ಮೊದಲೇ ಇರುವವರು ಹೆಚ್ಚು ಅಪಾಯದಲ್ಲಿರುತ್ತಾರೆ, ಆದರೆ ಹರೆಯದವರೂ ಸತ್ತಿದ್ದಾರೆ. 2024ರ ಹಾವಳಿಯ ಮೊದಲ ಸಾವು ಶಿವಮೊಗ್ಗ ಜಿಲ್ಲೆಯ ಹದಿನೆಂಟರ ಯುವತಿಯದು.

ಪತ್ತೆಯ ವಿಷಯಕ್ಕೆ ಬಂದರೆ, ಮೇಲಿನ ಲಕ್ಷಣಗಳನ್ನು ಓದಿದ ಯಾವ ವೈದ್ಯರಾದರೂ ಇದೇ ಸಾಲುಗಳು ಡೆಂಗಿಗೂ ಹೊಂದುತ್ತವೆ ಎನ್ನುತ್ತಾರೆ, ಮತ್ತು ಅವರ ಮಾತು ಸರಿ. ಇಲಿ ಜ್ವರ, ಸ್ಕ್ರಬ್ ಟೈಫಸ್, ಮಲೇರಿಯಾ, ಟೈಫಾಯ್ಡ್ ಎಲ್ಲವೂ ಇದೇ ಸೀಮೆಯಲ್ಲಿ, ಇದೇ ಜನರಿಗೆ, ಬಹುಮಟ್ಟಿಗೆ ಇದೇ ಬಗೆಯಲ್ಲಿ ಬರುತ್ತವೆ. ಬೇರ್ಪಡಿಸಲು ಕೆಲವು ಸುಳಿವುಗಳಿವೆ. ಡೆಂಗಿ ಮಳೆಗಾಲ ಮತ್ತು ಅದರ ಬಾಲದ ತಿಂಗಳುಗಳಲ್ಲಿ ಹೆಚ್ಚು, ಮಂಗನ ಕಾಯಿಲೆ ಒಣ ತಿಂಗಳುಗಳದ್ದು. ಡೆಂಗಿಯಲ್ಲಿ ಮೈಮೇಲೆ ದದ್ದು ಏಳುವುದು ಸಾಮಾನ್ಯ, ಇದರಲ್ಲಿ ಅಪರೂಪ. ಸ್ಕ್ರಬ್ ಟೈಫಸ್‌ನಲ್ಲಿ ಕಚ್ಚಿದ ಜಾಗದಲ್ಲಿ ಸುಟ್ಟಂತಹ ಕಪ್ಪು ಹಕ್ಕಳೆ ಕಾಣಬಹುದು. ಆದರೆ ಈ ಸುಳಿವುಗಳು ಅನುಮಾನ ಹುಟ್ಟಿಸಬಲ್ಲವೇ ಹೊರತು ತೀರ್ಮಾನ ಕೊಡಲಾರವು. ಜನವರಿಯಲ್ಲಿ, ಕಾಡಂಚಿನ ಊರಿನಿಂದ, ಮೈಕೈ ನೋವಿನ ಹಠಾತ್ ಜ್ವರದೊಂದಿಗೆ ಬಂದವರ ಡೆಂಗಿ ಪರೀಕ್ಷೆ ನೆಗೆಟಿವ್ ಆದರೆ, ಆ ಚೀಟಿಯೊಂದಿಗೆ ಹುಡುಕಾಟ ನಿಲ್ಲಬಾರದು, ಅಲ್ಲಿಂದ ಶುರುವಾಗಬೇಕು. ಇಲಿ ಜ್ವರ ಮತ್ತು ಸ್ಕ್ರಬ್ ಟೈಫಸ್ ಎರಡೂ ಪ್ರತಿಜೀವಕದಿಂದ ಗುಣವಾಗುವಂಥವು, ತಡವಾದರೆ ಕೊಲ್ಲುವಂಥವು. ಆದ್ದರಿಂದ ವರದಿ ಬರುವ ತನಕ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಶುರುಮಾಡುವ ವೈದ್ಯರ ಕ್ರಮದಲ್ಲಿ ಅರ್ಥವಿದೆ. ಅದು ಮಂಗನ ಕಾಯಿಲೆಗೆ ಮದ್ದಲ್ಲ ಎಂಬುದು ಮಾತ್ರ ರೋಗಿಗೂ ತಿಳಿದಿರಬೇಕು.

ಖಚಿತ ಪತ್ತೆಗೆ ಎರಡು ಬಗೆಯ ಪರೀಕ್ಷೆಗಳಿವೆ, ಮತ್ತು ಯಾವ ದಿನ ಯಾವುದನ್ನು ಮಾಡಬೇಕು ಎಂಬುದು ಬಹಳ ಮುಖ್ಯ. ಜ್ವರ ಶುರುವಾದ ಮೇಲೆ ಒಂದು ವಾರದಿಂದ ಹತ್ತು ದಿನಗಳ ತನಕ ವೈರಾಣು ರಕ್ತದಲ್ಲೇ ಇರುವುದರಿಂದ ಆರ್‌ಟಿ-ಪಿಸಿಆರ್ ಪರೀಕ್ಷೆ ಅದನ್ನು ನೇರವಾಗಿ ಹಿಡಿಯುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ದೇಹ ಐಜಿಎಂ ಎಂಬ ಪ್ರತಿಕಾಯ ತಯಾರಿಸತೊಡಗುತ್ತದೆ, ಆಗ ಎಲೈಸಾ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಎರಡನೆಯ ದಿನ ಎಲೈಸಾ ಮಾಡಿಸಿದರೂ, ಹದಿನೈದನೆಯ ದಿನ ಪಿಸಿಆರ್ ಮಾಡಿಸಿದರೂ ನಿಜವಾದ ರೋಗಿಗೆ ನೆಗೆಟಿವ್ ಬರಬಹುದು. ಆದ್ದರಿಂದ ರಕ್ತದ ಮಾದರಿಯ ಜೊತೆ ಹೋಗುವ ನಮೂನೆಯಲ್ಲಿ ಜ್ವರ ಶುರುವಾದ ದಿನಾಂಕ ಬರೆದಿರಲೇಬೇಕು; ಆ ಒಂದು ಅಂಕಣ ಖಾಲಿ ಬಿಟ್ಟರೆ ಇಡೀ ಪರೀಕ್ಷೆಯ ಬೆಲೆ ಅರ್ಧಕ್ಕಿಳಿಯುತ್ತದೆ. ಮಾದರಿಯನ್ನು ಶೀತಲ ಪೆಟ್ಟಿಗೆಯಲ್ಲಿಟ್ಟು ಕಳುಹಿಸಬೇಕು, ದಾರಿಯಲ್ಲಿ ಬಿಸಿಯೇರಿದರೆ ವೈರಾಣುವಿನ ಆರ್‌ಎನ್‌ಎ ಕೆಟ್ಟುಹೋಗುತ್ತದೆ. ಒಂದು ಕಾಲಕ್ಕೆ ಮಾದರಿಗಳು ಪುಣೆಗೆ ಹೋಗಿ, ಅಲ್ಲಿ ಇಲಿಮರಿಗಳಿಗೆ ಚುಚ್ಚಿ ನೋಡಿ ಫಲಿತಾಂಶ ಬರುವಷ್ಟರಲ್ಲಿ ರೋಗಿ ಗುಣವಾಗಿರುತ್ತಿದ್ದರು ಅಥವಾ ತೀರಿಕೊಂಡಿರುತ್ತಿದ್ದರು. ಈಗ ಶಿವಮೊಗ್ಗದಲ್ಲೇ ವೈರಾಣು ಪತ್ತೆ ಪ್ರಯೋಗಾಲಯವಿದೆ. ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ಮಾಲ್‌ಬಯೋ ಕಂಪನಿ ಸೇರಿ ಟ್ರೂನ್ಯಾಟ್ ಯಂತ್ರದಲ್ಲಿ ಮಾಡಬಹುದಾದ ಕೆಎಫ್‌ಡಿ ಪರೀಕ್ಷೆಯನ್ನೂ ರೂಪಿಸಿವೆ. ಕ್ಷಯರೋಗದ ಪತ್ತೆಗೆಂದು ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿರುವ, ಬ್ಯಾಟರಿಯಲ್ಲಿ ನಡೆಯುವ ಸಣ್ಣ ಯಂತ್ರ ಇದು. ಸಿದ್ದಾಪುರ, ಹೊಸನಗರ, ಕೊಪ್ಪಗಳಂಥ ಕಡೆ ಯಂತ್ರವೂ ಅದಕ್ಕೆ ಬೇಕಾದ ಪರೀಕ್ಷಾ ಚಿಪ್‌ಗಳೂ ತರಬೇತಾದ ತಂತ್ರಜ್ಞರೂ ನವೆಂಬರಿನ ಮೊದಲೇ ಸಿದ್ಧವಿದ್ದರೆ, ದಿನಗಟ್ಟಲೆ ಕಾಯುವುದು ತಪ್ಪಿ ಅದೇ ದಿನ ಉತ್ತರ ಸಿಗುತ್ತದೆ. ಈ ಕಾಯಿಲೆಗಾಗಿ ಸರ್ಕಾರ ಮಾಡುವ ಖರ್ಚಿನಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಬಾಬತ್ತು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಚಿಕಿತ್ಸೆ ಎಂದರೆ ದೇಹ ತಾನೇ ವೈರಾಣುವನ್ನು ಸೋಲಿಸುವ ತನಕ ಅದನ್ನು ಕಾಪಾಡಿಕೊಂಡು ಬರುವುದು. ಮಾತು ಸರಳ, ಕೆಲಸ ಸೂಕ್ಷ್ಮ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ಸಾಕು. ಮೈಕೈ ನೋವು ತಡೆಯಲಾರದೆ ಡೈಕ್ಲೊಫಿನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮಾತ್ರೆ ನುಂಗುವುದು ಅಪಾಯಕರ, ಏಕೆಂದರೆ ಮೊದಲೇ ಪ್ಲೇಟ್‌ಲೆಟ್ ಇಳಿದಿರುವ ದೇಹದಲ್ಲಿ ಈ ಔಷಧಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಹಳ್ಳಿಗಳಲ್ಲಿ ಜ್ವರ ಬಂದರೆ ಒಂದು ಸೂಜಿ ಹಾಕಿಸಿಕೊಂಡರೆ ಹಗುರಾಗುತ್ತದೆ ಎಂಬ ನಂಬಿಕೆ ಇದೆಯಷ್ಟೆ. ಪ್ಲೇಟ್‌ಲೆಟ್ ಕಡಿಮೆಯಿರುವವರ ಸೊಂಟಕ್ಕೆ ಚುಚ್ಚಿದ ಸೂಜಿಯ ಜಾಗದಲ್ಲೇ ಒಳಗೆ ರಕ್ತ ಕಟ್ಟಿಕೊಳ್ಳಬಹುದು. ವಾಂತಿ, ಭೇದಿಯಿಂದ ಕಳೆದುಹೋದ ನೀರನ್ನು ತುಂಬಿಕೊಡಬೇಕು, ಬಾಯಿಯಿಂದ ಕುಡಿಯಲಾಗದಿದ್ದರೆ ಸಲೈನ್ ಹಾಕಬೇಕು. ಅತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯವೂ ಇರುವುದರಿಂದ ರಕ್ತದೊತ್ತಡ, ಮೂತ್ರದ ಪ್ರಮಾಣ, ಉಸಿರಾಟಗಳನ್ನು ನೋಡಿಕೊಂಡೇ ಅದನ್ನು ಕೊಡಬೇಕು. ದಿನ ಬಿಟ್ಟು ದಿನವಾದರೂ ರಕ್ತಕಣಗಳ ಎಣಿಕೆ ಬೇಕು. ರಕ್ತಸ್ರಾವವಿದ್ದರೆ ಅಥವಾ ಎಣಿಕೆ ತೀರ ಕೆಳಗಿಳಿದರೆ ಪ್ಲೇಟ್‌ಲೆಟ್, ಕೆಲವೊಮ್ಮೆ ರಕ್ತ ಕೊಡಬೇಕಾಗುತ್ತದೆ. ಎರಡನೆಯ ಹಂತದಲ್ಲಿ ಫಿಟ್ಸ್ ತಡೆಯುವ ಔಷಧ, ಮಿದುಳಿನ ಊತ ಇಳಿಸುವ ಕ್ರಮ, ಅಗತ್ಯವಿದ್ದರೆ ತೀವ್ರ ನಿಗಾ ಘಟಕ ಬೇಕು. ಪ್ರತಿಜೀವಕಗಳು ಈ ವೈರಾಣುವಿಗೆ ತಾಗುವುದಿಲ್ಲ. ವೈರಾಣು ನಿರೋಧಕ ಔಷಧಗಳಲ್ಲಿ ಕೆಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆಯಾದರೂ ರೋಗಿಗಳಿಗೆ ಕೊಡಬಹುದೆಂದು ಸಾಬೀತಾದದ್ದು ಯಾವುದೂ ಇಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವಾಗ ಜಿಲ್ಲಾ ಆಸ್ಪತ್ರೆಗೋ ಮಣಿಪಾಲಕ್ಕೋ ಕಳುಹಿಸಬೇಕು ಎಂಬುದರ ಮೇಲೆ ಜೀವ ನಿಂತಿರುತ್ತದೆ. ಒಸಡಿನಿಂದಾಗಲಿ ಮೂಗಿನಿಂದಾಗಲಿ ರಕ್ತ, ಬಿಡದ ವಾಂತಿ, ಉಸಿರಾಟದ ತೊಂದರೆ, ಅರೆನಿದ್ದೆಯಂಥ ಮಂಪರು, ಕಡಿಮೆಯಾಗುತ್ತಿರುವ ಮೂತ್ರ ಇವುಗಳಲ್ಲಿ ಒಂದು ಕಂಡರೂ ಇನ್ನೊಂದು ರಾತ್ರಿ ನೋಡೋಣ ಎನ್ನಬಾರದು. ಕಾಡಿನ ರಸ್ತೆಯಲ್ಲಿ ಎರಡು ಮೂರು ಗಂಟೆ ಆಂಬುಲೆನ್ಸ್ ಓಡಬೇಕಾದ ಊರುಗಳಲ್ಲಿ ಆ ಒಂದು ರಾತ್ರಿ ತೀರ ದೊಡ್ಡದು.

ತಡೆಗಟ್ಟುವ ವಿಷಯದಲ್ಲಿ ಲಸಿಕೆಯ ಕಥೆ ನೋವಿನದು. ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದ ಲಸಿಕೆಯನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಒದಗಿಸುತ್ತಿತ್ತು. ಏಳರಿಂದ ಅರವತ್ತೈದು ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು ಬೂಸ್ಟರ್ ಎಂಬುದು ಕ್ರಮ. 2005ರಿಂದ 2010ರವರೆಗಿನ ದಾಖಲೆಗಳನ್ನು ವಿಶ್ಲೇಷಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ದೊರೆತ ರಕ್ಷಣೆ ಶೇ 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಶೇ 83ರಷ್ಟು. ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಕಾಣಲಿಲ್ಲ. ಚುಚ್ಚಿದ ತೋಳು ಎರಡು ದಿನ ಎತ್ತಲಾಗದಷ್ಟು ನೋಯುತ್ತಿದ್ದುದರಿಂದ ಕೂಲಿ ತಪ್ಪೀತೆಂದು ಅನೇಕರು ಎರಡನೆಯ ಡೋಸಿಗೆ ಬರಲೇ ಇಲ್ಲ. ಮುಂದೆ ಲಸಿಕೆಯ ಶಕ್ತಿಯೇ ಕುಂದಿದೆ ಎಂಬ ಪ್ರಶ್ನೆಗಳೆದ್ದು, 2022ರ ಸುಮಾರಿಗೆ ಅದನ್ನು ಕೊಡುವುದೇ ನಿಂತುಹೋಯಿತು. ನೋವು ಸಹಿಸಿ, ಕೂಲಿ ಬಿಟ್ಟು, ಸರದಿಯಲ್ಲಿ ನಿಂತು ಅದನ್ನು ಚುಚ್ಚಿಸಿಕೊಂಡ ಜನರಿಗೆ ಆದ ಅನ್ಯಾಯ ಇದು, ಮತ್ತು ಮುಂದಿನ ಲಸಿಕೆಯ ಮೇಲೆ ಅವರು ನಂಬಿಕೆ ಇಡಬೇಕಾದರೆ ಈ ಅನ್ಯಾಯವನ್ನು ಒಪ್ಪಿಕೊಂಡೇ ಅವರ ಮುಂದೆ ಹೋಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಈಗ ಹೊಸ ಲಸಿಕೆಯೊಂದನ್ನು ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿಸಿ ಮಾನವ ಪ್ರಯೋಗದ ಹಂತಕ್ಕೆ ತಂದಿವೆ. ಅದು ಇಪ್ಪತ್ತೆಂಟು ದಿನಗಳ ಅಂತರದ ಎರಡು ಡೋಸ್‌ಗಳ ಲಸಿಕೆ. ಸುರಕ್ಷತೆ, ಪ್ರಮಾಣ, ಪರಿಣಾಮ ಎಲ್ಲವೂ ಹಂತಹಂತವಾಗಿ ಖಚಿತವಾಗಬೇಕಾಗಿರುವುದರಿಂದ ಅದು ಹಳ್ಳಿಯ ತೋಳಿಗೆ ಬರುವ ಮೊದಲು ಇನ್ನೂ ಕೆಲವು ಉಣುಗಿನ ಋತುಗಳು ಕಳೆಯುತ್ತವೆ.

ಅಲ್ಲಿಯ ತನಕ ಇರುವುದು ಎಣ್ಣೆ ಮತ್ತು ಎಚ್ಚರ. ಹಿಂದೆ ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಈಗ ರಕ್ಷಣಾ ಸಂಶೋಧನಾ ಸಂಸ್ಥೆ ಅಭಿವೃದ್ಧಿಪಡಿಸಿದ ಡೆಪಾ ಎಣ್ಣೆ ಹಂಚಲಾಗುತ್ತಿದೆ. ಕಾಡಿಗೆ ಹೊರಡುವ ಮೊದಲು ಕೈಕಾಲು, ಕುತ್ತಿಗೆಗಳಿಗೆ ಹಚ್ಚಿಕೊಂಡರೆ ಕೆಲವು ಗಂಟೆ ಉಣುಗು ಹತ್ತಿರ ಸುಳಿಯುವುದಿಲ್ಲ. ಬೆವರಿಗೆ ಅದು ತೊಳೆದುಹೋಗುತ್ತದೆಯಾದ್ದರಿಂದ ಮಧ್ಯಾಹ್ನ ಮತ್ತೊಮ್ಮೆ ಹಚ್ಚಬೇಕು. ಮೈತುಂಬ ಬಟ್ಟೆ ತೊಟ್ಟು, ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ, ಕೂದಲಿನ ಬುಡದಲ್ಲಿ ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ಕಚ್ಚಿ ಹಿಡಿದ ಉಣುಗಿಗೆ ಸೀಮೆಎಣ್ಣೆ, ಸುಣ್ಣ ಹಚ್ಚುವುದಾಗಲಿ, ಬೆರಳುಗಳ ನಡುವೆ ಹೊಸಕುವುದಾಗಲಿ ಬೇಡ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೆಟ್ಟಗೆ ಮೇಲಕ್ಕೆಳೆದು ತೆಗೆಯಬೇಕು. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ, ಮುಂದೆ ಜ್ವರ ಬಂದಾಗ ವೈದ್ಯರಿಗೆ ಹೇಳಲು ಒಂದು ಖಚಿತ ಮಾಹಿತಿ ಇರುತ್ತದೆ.

ಗುಣವಾಗಿ ಮನೆಗೆ ಬಂದವರ ಪಾಡಿನ ಬಗ್ಗೆ ಮಾತಾಡುವವರು ಕಡಿಮೆ. ಜ್ವರ ಪೂರ್ತಿ ಬಿಟ್ಟ ಮೇಲೂ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ, ಸ್ನಾಯುಗಳ ನಿಶ್ಶಕ್ತಿ ಮತ್ತು ನಡುಕ ಉಳಿಯುತ್ತವೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವವರಿಗೆ, ಹೊರೆ ಹೊರುವವರಿಗೆ ಅದು ಒಂದಿಡೀ ಹಂಗಾಮಿನ ದುಡಿಮೆಯ ನಷ್ಟ, ಅದೂ ಆಸ್ಪತ್ರೆಯ ಓಡಾಟಕ್ಕೆ ಸಾಲ ಮಾಡಿದ ವರ್ಷದಲ್ಲೇ. ಬಿಡುಗಡೆಯ ಚೀಟಿಯಲ್ಲಿ ಹದಿನಾಲ್ಕನೆಯ ದಿನ ಮತ್ತು ಇಪ್ಪತ್ತೊಂದನೆಯ ದಿನ ಮತ್ತೆ ತೋರಿಸಿ ಎಂದು ದಿನಾಂಕ ಸಹಿತ ಬರೆದುಕೊಟ್ಟು, ಆ ಎರಡು ದಿನ ಆಶಾ ಕಾರ್ಯಕರ್ತೆ ಮನೆಗೇ ಹೋಗಿ ಜ್ವರ ಅಳೆದು, ಒಂದು ಲೋಟ ನೀರು ಕೈಗೆ ಕೊಟ್ಟು ಅದು ತುಳುಕುತ್ತದೆಯೇ ಎಂದು ನೋಡಿ ಬರಲು ಹೊಸ ಯಂತ್ರವೂ 
ಬೇಕಿಲ್ಲ, ಹೊಸ ಔಷಧವೂ ಬೇಕಿಲ್ಲ.